ಐವತ್ತೆರಡರಲ್ಲಿ ಒಂದು ತುಂಡು

ಉಪ್ಪಳದ ರೈಲ್ವೆ ಗೇಟಿನ ಹತ್ತಿರ ನನ್ನ ಅಂಗಡಿ.
ರೈಲು ಹೋಗುವಾಗ ಸೂಜಿಯೂ ನಡುಗುತ್ತದೆ.
ಮೂವತ್ತೊಂದು ವರ್ಷ ರವಿಕೆ ಹೊಲಿದಿದ್ದೇನೆ,
ಎಷ್ಟು ಬಟ್ಟೆ ಸಾಕೆಂದು ಬಾಗಿಲಲ್ಲೇ ನೋಡಿ ಹೇಳಬಲ್ಲೆ.
ವರ್ಷವನ್ನೂ ಕತ್ತರಿಸಬಹುದು ಎಂಬುದು ಮಾತ್ರ
ಆ ಹುಡುಗ ಹೇಳುವವರೆಗೆ ಗೊತ್ತಿರಲಿಲ್ಲ.

ಕಾಸರಗೋಡಿನ ಸೀರೆ ಅಂಗಡಿಯಲ್ಲಿ ಒಂದು ಚೀಟಿ ತುಂಬಿದ್ದೆ,
ಫಾಲ್ಸ್ ತರಲು ಹೋದವಳು.
ಫೋನು ಬಂತು: ಬಹುಮಾನ ಉಂಟು,
ಗಂಡ ಹೆಂಡತಿ ಇಬ್ಬರೂ ಬರಬೇಕು, ಒಬ್ಬರೇ ಬಂದರೆ ಇಲ್ಲ.
ಇವರು ರಿಕ್ಷಾದ ಖಾಕಿ ಬಿಚ್ಚಿ ಇಸ್ತ್ರಿ ಅಂಗಿ ಹಾಕಿದರು.
ಹೊಟೇಲಿನಲ್ಲಿ ಎಸಿ ಎಷ್ಟೆಂದರೆ ಸೆರಗು ಹೊದ್ದು ಕೂತೆ.
ಟೈ ಕಟ್ಟಿದ ಹುಡುಗ ತುಳುವಿನಲ್ಲಿ ಶುರು ಮಾಡಿದ,
ಬಂಬ್ರಾಣದವನಂತೆ. "ಅಕ್ಕಾ" ಎಂದ.
ಅಕ್ಕಾ, ವರ್ಷಕ್ಕೆ ಐವತ್ತೆರಡು ವಾರ,
ಒಂದು ನಿಮ್ಮದು. ಇಪ್ಪತ್ತೈದು ವರ್ಷ.
ಊಟಿ, ಮುನ್ನಾರ್, ಗೋವೆ, ಎಲ್ಲಿ ಬೇಕಾದರಲ್ಲಿ.
ಬೇಡವಾದರೆ ಮಾರಿ, ಚಿನ್ನಕ್ಕಿಂತ ಜೋರು ಏರುತ್ತದೆ.
ಆಚೆ ಮೇಜಿನಲ್ಲಿ ಯಾರೋ ಸಹಿ ಹಾಕಿದರು,
ಬೆಲೂನು ಒಡೆಯಿತು, ಚಪ್ಪಾಳೆ.
ನಾಲ್ಕು ಗಂಟೆ ಕೂರಿಸಿದ ಮೇಲೆ ನಮ್ಮ ಬೆಲೂನೂ ಒಡೆಯಿತು.

ಎರಡೆಳೆ ಸರ ಸೊಸೈಟಿ ಬ್ಯಾಂಕಿಗೆ ಹೋಯಿತು,
ಮನೆಗೊಂದು ಬಾಣಲೆ ಬಂತು. ಅಂಟದ ಬಾಣಲೆ.
ಹತ್ತು ದಿನದೊಳಗೆ ಬೇಡ ಎನ್ನಬಹುದೆಂದು
ಹದಿನಾಲ್ಕನೇ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಉಂಟಂತೆ;
ಕಾಗದ ಅಂಚೆಯಲ್ಲಿ ಬಂದದ್ದು ಹನ್ನೊಂದನೇ ದಿನ.

ಮೇ ತಿಂಗಳು? ಭರ್ತಿ. ಓಣಂ? ಭರ್ತಿ.
ದೀಪಾವಳಿಗೆ ನಿಮ್ಮ ಬಣ್ಣ ಸಾಲದು ಎಂದರು,
ನಿಮ್ಮದು ಬಿಳಿ ಸೀಸನ್, ಕೆಂಪಿಗೆ ಇನ್ನೂ ಎಪ್ಪತ್ತು ಸಾವಿರ.
ಬಣ್ಣ ನನಗೆ ಕಲಿಸುತ್ತಾರೆ!
ಕಾಲಿಡದ ಕೋಣೆಯನ್ನು ಗುಡಿಸಿದ ಖರ್ಚು ಮಾತ್ರ
ಪ್ರತಿ ಏಪ್ರಿಲಿಗೆ ತಪ್ಪದೆ ಬರುತ್ತದೆ,
ಹಿಂದಿನದಕ್ಕಿಂತ ಎರಡು ಇಂಚು ಉದ್ದ.

ದೂರು ಬರೆದೆ, ಕನ್ನಡದಲ್ಲಿ, ಅಳತೆ ಪುಸ್ತಕದ ಹಾಳೆ ಹರಿದು.
ವಿದ್ಯಾನಗರದ ವಕೀಲೆ ಶ್ರೀಲೇಖಾ ಅದನ್ನು ಮಲಯಾಳ ಮಾಡಿದರು.
"ಅಕ್ಕಾ" ಅಲ್ಲಿ "ಚೇಚಿ" ಆಯಿತು.
ಕಂಪೆನಿಯ ಇಂಗ್ಲಿಷಿನಲ್ಲಿ ಹುಡುಕಿದೆವು, ಹತ್ತೊಂಬತ್ತು ಪುಟ,
ಎಲ್ಲಿಯೂ ನಾನು ಯಾರ ಅಕ್ಕನೂ ಅಲ್ಲ.
ಸುಳ್ಳು ಹೇಳಿದ್ದು ತುಳುವಿನಲ್ಲಿ,
ತುಳುವಿಗೆ ರಶೀದಿ ಇಲ್ಲ.

ಓದದೆ ಸಹಿ ಹಾಕಿದಿರಾ? ಎಂದರು ಎದುರು ವಕೀಲರು.
ಸಾರ್, ನನ್ನ ಅಂಗಡಿಗೆ ಬಂದವರು
ಎರಡೂ ಕೈ ಎತ್ತಿ ನಿಲ್ಲುತ್ತಾರೆ.
ಟೇಪು ಸುತ್ತುವಾಗ ಸ್ವಲ್ಪ ಉಸಿರು ಹಿಡಿಯುತ್ತಾರೆ, ಅಷ್ಟೆ.
ಇಂಚಿನಲ್ಲಿ ಮೋಸ ಉಂಟಾ ಎಂದು ಇಂದಿನವರೆಗೆ ಯಾರೂ ಕೇಳಿಲ್ಲ.
ಅವತ್ತು ನಾನು ಕೈ ಎತ್ತಿ ನಿಂತಿದ್ದೆ.
ಭಾಷಾಂತರ ಆಗುವಷ್ಟರಲ್ಲಿ ಅವರು ವಾಚು ನೋಡಿದರು.

ಗ್ರಾಹಕ ಆಯೋಗದ ವರಾಂಡದಲ್ಲಿ ಬೆಂಚು ಒಂದೇ.
ಬೇಳದ ಫ್ಲೋರಿನ್ ಕ್ರಾಸ್ತಾ, ದುಬಾಯಿ ಬಿಟ್ಟು ಬಂದ ಮೊಗ್ರಾಲಿನ ಕುಂಞಾಲಿ,
ಕುಂಬ್ಡಾಜೆಯ ಮಣಿಯಾಣಿ ಮೇಷ್ಟ್ರು,
ಎಲ್ಲ ಒಂದೇ ಬಾಣಲೆಯವರು.
ಮೊದಲ ವಾಯಿದೆಗೆ ಮುಖ ತಿರುಗಿಸಿ ಕೂತಿದ್ದೆವು;
ಮೋಸ ಹೋದವರಿಗೆ ಮೋಸ ಹೋದವರ ಮುಖ ಕಂಡರಾಗದು.
ಮೂರನೆಯದಕ್ಕೆ ಫ್ಲೋರಿನ್ ಸನ್ನ ತಂದಳು.
ಐದನೆಯದಕ್ಕೆ ಕುಂಞಾಲಿಯ ಫ್ಲಾಸ್ಕಿನಲ್ಲಿ ಸುಲೈಮಾನಿ,
ಮೇಷ್ಟ್ರು ಕಾಲು ಚಾಚಿ ನಿದ್ದೆ ಹೋದರು, ಗೊರಕೆ ಸಹಿತ.
ಮೊನ್ನೆ ಏಳನೆಯದು.
ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ: ಏಳು ದಿನ,
ಮೆಷಿನು ಮುಟ್ಟದೆ, ಯಾರೋ ಮಾಡಿದ ಚಹಾ ಕುಡಿಯುತ್ತಾ.
ಇವರಿಗೆ ಹೇಳಿದರೆ ನಕ್ಕರು,
ಆಮೇಲೆ ನಗಲಿಲ್ಲ.

ತೀರ್ಪು ಆಗಿಲ್ಲ. ಸರ ಇನ್ನೂ ಸೊಸೈಟಿಯಲ್ಲೇ ಉಂಟು.
ಮುಂದಿನದು ಹದಿನೆಂಟಕ್ಕೆ, ಮಂಗಳವಾರ.
ಅವತ್ತೇ ರವಿಕೆ ಬೇಕೆಂದ ಮದುವೆ ಮನೆಯವರಿಗೆ
ಗುರುತು ಹಾಕುವ ಸೀಮೆಸುಣ್ಣದಲ್ಲಿ
ಬಾಗಿಲ ಮೇಲೆ ಬರೆದು ತೋರಿಸಿದೆ:
ರಜೆ.